ಪದಚರ್ಚೆ: ಪಾರ್ಕಿನ್ಸನ್ ರೋಗಿಗಳ ಡಿಮೆನ್ಷಿಯಾಕ್ಕೆ ‘ಮರೆವು’ ಸಲ್ಲುತ್ತದೆಯೇ?

ಮಾನ್ಯರೇ,

ಪಾರ್ಕಿನ್ಸನ್ ಕಾಯಿಲೆಯವರ ಮನೆಮಂದಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಕಾಯಿಲೆ ಹಳೆಯದಾದಂತೆ ಹಲವರಲ್ಲಿ ಕಾಣಿಸಿಕೊಳ್ಳುವ ಡಿಮೆನ್ಷಿಯಾವನ್ನು, ಅಂದರೆ ಅರಿವು ಮತ್ತು ಯೋಚನೆಯ ಶಕ್ತಿ ಕುಂದುವುದನ್ನು, ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿಗೆ ಬಂದು ಕೆಲಸ ನಿಂತಿದೆ. ಪತ್ರಿಕೆಗಳಲ್ಲಿ ಬಳಕೆಯಾಗುವ ‘ಮರೆವಿನ ಕಾಯಿಲೆ’ ಆಲ್‌ಝೈಮರ್‌ಗೆ ಒಪ್ಪೀತು. ಇಲ್ಲಿ ಅದು ದಾರಿ ತಪ್ಪಿಸುತ್ತದೆ ಎಂದು ನನ್ನ ಅನಿಸಿಕೆ.

ಪಾರ್ಕಿನ್ಸನ್‌ನಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ನೆನಪಲ್ಲ. ಗಮನ, ಕೆಲಸವನ್ನು ಯೋಜಿಸಿ ಒಂದಾದ ಮೇಲೊಂದರಂತೆ ಮಾಡುವ ಶಕ್ತಿ, ಕಣ್ಣಿಗೆ ಕಂಡದ್ದರ ದೂರ ಮತ್ತು ಆಕಾರವನ್ನು ಅಂದಾಜಿಸುವ ಶಕ್ತಿ. ಹೆಸರು ನೆನಪಾಗದಿದ್ದರೂ ಸುಳಿವು ಕೊಟ್ಟರೆ ಹಲವರಿಗೆ ಹೊಳೆಯುತ್ತದೆ. ಬೆಳಿಗ್ಗೆ ತಿಳಿಯಾಗಿ ಮಾತನಾಡಿದವರು ಮಧ್ಯಾಹ್ನ ಮಂಕಾಗಬಹುದು, ಇಲ್ಲದ ಮನುಷ್ಯರೋ ಪ್ರಾಣಿಗಳೋ ಕಾಣಿಸಬಹುದು. ‘ಮರೆವು’ ಎಂದು ಓದಿದ ಮಗ, ಅಪ್ಪನಿಗೆ ಹಳೆಯದೆಲ್ಲ ನೆನಪಿದೆಯಲ್ಲ ಎಂದು ಸುಮ್ಮನಿದ್ದು, ಮಂಚದ ಬಳಿ ಮಗು ನಿಂತಿದೆ ಎಂದು ಅವರು ಹೇಳಿದ್ದನ್ನು ವೈದ್ಯರಿಗೆ ತಿಳಿಸದೇ ಹೋಗಬಹುದು. ಈ ಭ್ರಮೆಗೆಂದು ಬೇರೆಲ್ಲೋ ಹ್ಯಾಲೊಪೆರಿಡಾಲ್‌ನಂಥ ಔಷಧಿ ಕೊಡಿಸಿದರೆ ಮೈಯ ಬಿಗಿತ ವಿಪರೀತವಾಗುತ್ತದೆ. ಹೀಗಾಗಿ ಇದು ಬರಿಯ ಪದಗಳ ಜಗಳವಲ್ಲ. ಈ ಕಾಯಿಲೆ ಅರಿವನ್ನು ಮುಟ್ಟುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಹಳೆಯದು: 1817ರಲ್ಲಿ ಇದನ್ನು ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ನರೇ ಇಂದ್ರಿಯಗಳಿಗೂ ಬುದ್ಧಿಗೂ ಧಕ್ಕೆಯಿಲ್ಲ ಎಂದು ಬರೆದಿದ್ದರು, ನಮ್ಮ ‘ನಡುಕದ ಕಾಯಿಲೆ’ಯೂ ಕೈಕಾಲನ್ನಷ್ಟೇ ನೋಡುತ್ತದೆ.

ಉಳಿದ ಪದಗಳೂ ಸಲೀಸಲ್ಲ. ‘ಅರಳುಮರಳು’ ಸೊಗಸಾದ ಮಾತೇ, ಆದರೆ ಅರವತ್ತಕ್ಕೆ ಅರಳುಮರಳು ಎಂಬ ಗಾದೆಯ ದೆಸೆಯಿಂದ ಅದು ಕಾಯಿಲೆಯಾಗಿ ಕೇಳಿಸುವುದಿಲ್ಲ, ಲೇವಡಿಯೂ ಸೇರಿಕೊಂಡಿದೆ. ‘ಬುದ್ಧಿಮಾಂದ್ಯ’ ಎಳವೆಯಿಂದಲೇ ಇರುವ ಸ್ಥಿತಿಗೆ ರೂಢವಾಗಿದೆ. ಅರಿವು ಅಳಿಯುವುದು ಎಂದು ಹೊಸೆಯಹೊರಟರೆ ‘ಅರಿವಳಿಕೆ’ ಅಡ್ಡ ಬಂದು ಓದುಗರನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಒಯ್ಯುತ್ತದೆ.

ಇನ್ನೊಂದು ತೊಡಕೂ ಇದೆ. ಚಲನೆಯ ತೊಂದರೆ ಶುರುವಾಗಿ ಕನಿಷ್ಠ 1 ವರ್ಷದ ಮೇಲೆ ಅರಿವು ಕುಂದಿದರೆ ಪಾರ್ಕಿನ್ಸನ್ ಡಿಮೆನ್ಷಿಯಾ, ಅದಕ್ಕೂ ಮೊದಲೇ ಅಥವಾ ಜೊತೆಜೊತೆಗೇ ಕುಂದಿದರೆ ಲೂಯಿ ಬಾಡಿ ಡಿಮೆನ್ಷಿಯಾ ಎಂದು ವೈದ್ಯರು ವಿಂಗಡಿಸುವುದರಿಂದ, ನಾವು ಆರಿಸುವ ಪದ ಎರಡಕ್ಕೂ ಹೊಂದಬೇಕು.

ಸದ್ಯಕ್ಕೆ ‘ಡಿಮೆನ್ಷಿಯಾ’ವನ್ನೇ ಉಳಿಸಿಕೊಂಡು, ಮೊದಲು ಬಂದಲ್ಲಿ ‘ಅರಿವು ಕುಂದುವ ಕಾಯಿಲೆ’ ಎಂದು ಬಿಡಿಸಿ ಹೇಳಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ. ಒಮ್ಮೆ ತಿಳಿಯಾಗಿ ಒಮ್ಮೆ ಮಂಕಾಗುವ ಆ ಏರಿಳಿತಕ್ಕೆ ಧಾರವಾಡ, ಕಲಬುರಗಿ, ಕರಾವಳಿಯ ಕಡೆ ಮನೆಗಳಲ್ಲಿ ಯಾವ ಮಾತು ಬಳಕೆಯಲ್ಲಿದೆ?