ಉಸಿರಾಟದ ಅಭ್ಯಾಸ ಮಾಡಿದರೆ ಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ. ಏನು ಮಾಡಲಿ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್, ವಯಸ್ಸು 46. ಕೆಲವು ತಿಂಗಳಿಂದ ನಿದ್ದೆ ಸರಿ ಇಲ್ಲ. ಹಾಸಿಗೆಗೆ ಬಂದ ಮೇಲೆ ಮನೆ ಸಾಲ, ಮಗನ ಸಿಇಟಿ, ಮರುದಿನದ ಪಾಠ, ಅತ್ತೆಯವರ ಮಾತ್ರೆ, ಎಲ್ಲಾ ಒಂದರ ಹಿಂದೆ ಒಂದು ತಲೆಗೆ ಬರುತ್ತವೆ. ಎದೆ ಬಿಗಿದ ಹಾಗೆ ಆಗುತ್ತದೆ. ಡಾಕ್ಟರ್ ಹತ್ತಿರ ಹೋದೆ. ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲಾ ಸರಿ ಇದೆ. ಬಿಪಿ ಮಾತ್ರ 138/88. ಸದ್ಯಕ್ಕೆ ಮಾತ್ರೆ ಬೇಡ, ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ, ನಿಧಾನ ಉಸಿರಾಟದ ಅಭ್ಯಾಸ ಮಾಡಿ, ಒಂದೂವರೆ ತಿಂಗಳು ಬಿಟ್ಟು ಬನ್ನಿ ಅಂದರು.

ಅದಕ್ಕೆ ಫೋನಿನಲ್ಲಿ ಒಂದು ಗೈಡೆಡ್ ಮೆಡಿಟೇಶನ್ ಹಾಕಿಕೊಂಡು ಕೂರುತ್ತಿದ್ದೇನೆ. ಇಂಗ್ಲಿಷ್‌ನಲ್ಲಿದೆ. ಆಳವಾಗಿ ಉಸಿರು ಎಳೆದುಕೊಳ್ಳಿ, ಇನ್ನೂ ಆಳವಾಗಿ, ಪೂರ್ತಿ ಹೊರಗೆ ಬಿಡಿ ಅಂತ ಹೇಳುತ್ತಾ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಬೆರಳ ತುದಿ, ತುಟಿಯ ಸುತ್ತ ಜುಮ್ ಅನ್ನುತ್ತದೆ, ತಲೆ ಸುತ್ತಿದ ಹಾಗೆ ಆಗಿ ಕಣ್ಣು ಬಿಟ್ಟುಬಿಡುತ್ತೇನೆ. ನೆಮ್ಮದಿಗೆ ಅಂತ ಕೂತರೆ ಭಯ ಜಾಸ್ತಿ ಆಗುತ್ತಿದೆ. ಹೀಗೆ ಯಾಕೆ ಆಗುತ್ತದೆ? ನಿಧಾನ ಅಂದರೆ ಎಷ್ಟು ನಿಧಾನ? ಕನ್ನಡದಲ್ಲಿ ಹೇಳಿಸಿಕೊಂಡು ಮಾಡುವಂಥದ್ದು ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಚಾಮುಂಡಿ ಪಾದ

ಮೇಡಂ, ನಾನು ಮೈಸೂರಿನಲ್ಲಿ ಯೋಗ ಕ್ಲಾಸ್ ನಡೆಸುತ್ತೇನೆ. ಇಸಿಜಿ ಎಲ್ಲಾ ಸರಿ ಇದೆ, ಅಭ್ಯಾಸಕ್ಕೆ ಕೂತಾಗ ಮಾತ್ರ ಹೀಗಾಗುತ್ತದೆ ಅಂದರೆ ಈ ಜುಮ್ಮು ಬಹುಮಟ್ಟಿಗೆ ಉಸಿರಿನಿಂದಲೇ ಬಂದದ್ದು. ಬೇರೆ ಹೊತ್ತಿನಲ್ಲೂ ಬಂದರೆ, ಒಂದೇ ಕಡೆಯ ಕೈಕಾಲಿಗೆ ಬಂದರೆ, ಎದೆನೋವು ಜೊತೆಗಿದ್ದರೆ ಡಾಕ್ಟರ್ ಹತ್ತಿರ ಮತ್ತೆ ಹೋಗಲೇಬೇಕು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಳವಾಗಿ ಅಂದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಹೆಗಲು ಕಿವಿಯವರೆಗೆ ಏರುತ್ತದೆ, ಕುತ್ತಿಗೆಯ ನರ ಎದ್ದು ಕಾಣುತ್ತದೆ, ಮೂಗಿನಿಂದ ಸರ್ರ್ ಅಂತ ಸದ್ದು ಬರುತ್ತದೆ. ಅದು ದೊಡ್ಡ ಉಸಿರು. ನಿಮ್ಮ ಡಾಕ್ಟರ್ ಹೇಳಿದ್ದು ನಿಧಾನದ ಉಸಿರು. ಸುಮ್ಮನೆ ಕೂತ ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಒಳಗೆ ಹೊರಗೆ ಓಡಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಇಳಿದುಹೋಗುತ್ತದೆ. ಅದನ್ನು ಬರೀ ಕಸ ಅಂತ ನಾವು ಶಾಲೆಯಲ್ಲಿ ಓದಿದ್ದೇವೆ, ಆದರೆ ಅದೂ ಒಂದು ಮಟ್ಟದಲ್ಲಿ ಇರಲೇಬೇಕು. ಇಳಿದರೆ ಮೆದುಳಿಗೆ ಹೋಗುವ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುತ್ತದೆ. ರಕ್ತದ ಕ್ಯಾಲ್ಸಿಯಂನಲ್ಲೂ ಏರುಪೇರಾಗಿ ಬೆರಳು, ತುಟಿ ಜುಮ್ಮೆನ್ನುತ್ತವೆ. ಗಾಬರಿಯಾದವರಿಗೆ ಆಗುವುದೂ ಇದೇ. ಆದ್ದರಿಂದ ಮೈ ಇದನ್ನೇ ಗಾಬರಿ ಅಂತ ತಿಳಿದುಕೊಳ್ಳುತ್ತದೆ.

ಹೀಗೆ ಮಾಡಿ ನೋಡಿ. ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಪಾದ ನೆಲದ ಮೇಲೆ ಇರಲಿ. ಒಂದು ಕೈ ಹೊಕ್ಕುಳ ಮೇಲೆ, ಇನ್ನೊಂದು ಎದೆ ಮೇಲೆ. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಿ. ಹೊಟ್ಟೆ ಮೇಲಿನ ಕೈ ಏಳಬೇಕು, ಎದೆ ಮೇಲಿನದು ಹೆಚ್ಚುಕಡಿಮೆ ಹಾಗೇ ಇರಬೇಕು. ಪಕ್ಕದಲ್ಲಿ ಮಲಗಿದವರಿಗೆ ನಿಮ್ಮ ಉಸಿರು ಕೇಳಿಸಬಾರದು, ಅಷ್ಟು ಮೆತ್ತಗೆ. ಮೊದಲು ಎಣಿಸಲೇಬೇಡಿ. ಕೈ ಏಳುವುದು ಇಳಿಯುವುದು ಒಂದೆರಡು ನಿಮಿಷ ನೋಡಿ. ಆಮೇಲೆ ಮೂರು ಎಣಿಸುತ್ತಾ ಒಳಗೆ, ನಾಲ್ಕು ಎಣಿಸುತ್ತಾ ಹೊರಗೆ. ಹಿತ ಅನ್ನಿಸಿದರೆ ಕೆಲವು ದಿನ ಬಿಟ್ಟು ನಾಲ್ಕು ಆರು. ಗಾಳಿ ಸಾಲದು, ಇನ್ನೂ ಬೇಕು ಅಂತ ಮೈ ಕೇಳಿದರೆ ಎಣಿಕೆ ಜಾಸ್ತಿ ಆಯಿತು ಅಂತ ಅರ್ಥ, ಹಿಂದಕ್ಕೆ ಬನ್ನಿ. ಹಠ ಮಾಡಬೇಡಿ.

ಉಸಿರು ಹಿಡಿಯುವ ಕುಂಭಕ ನಿಮಗೆ ಈಗ ಬೇಡ, ಬಿಪಿ ಇದೆ ಅಲ್ವಾ. ಕಪಾಲಭಾತಿ, ಭಸ್ತ್ರಿಕಾ ಕೂಡ ಬೇಡ. ಅವು ವೇಗದ ಕ್ರಿಯೆಗಳು, ಮೈಯನ್ನು ಎಬ್ಬಿಸುತ್ತವೆ. ಮಲಗುವ ಮುಂಚೆ ಟಿವಿ ನೋಡಿ ಕಪಾಲಭಾತಿ ಮಾಡುವವರು ನನ್ನ ಕ್ಲಾಸಿಗೂ ಬಂದಿದ್ದಾರೆ, ನಿದ್ದೆ ಇನ್ನೂ ದೂರ ಹೋಗಿರುತ್ತದೆ. ಭ್ರಾಮರಿ ಮಾಡಬಹುದು. ಮ್ಮ್ ಅಂತ ಗುಂಯ್‌ಗುಟ್ಟುವಾಗ ಉಸಿರು ತಾನಾಗೇ ಉದ್ದವಾಗಿ ಹೊರಗೆ ಹೋಗುತ್ತದೆ, ಎಣಿಸುವ ಗೋಜೇ ಇಲ್ಲ.

ಕಡಲ ಕರೆ

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಉಡುಪಿ ಕಡೆಯವಳು, ಹೃದ್ರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಈಗ ರಿಟೈರ್ಡ್. ಎಷ್ಟು ನಿಧಾನ ಅಂತ ಕೇಳಿದಿರಲ್ಲ, ಅದಕ್ಕೆ ಒಂದೆರಡು ಮಾತು.

ಸುಮ್ಮನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಈ ಅಭ್ಯಾಸದಲ್ಲಿ ಬರುವುದು ಸುಮಾರು 6ಕ್ಕೆ, ಅಂದರೆ ಒಂದು ಉಸಿರಿಗೆ ಹತ್ತು ಸೆಕೆಂಡು. 6 ಯಾಕೆ ಅಂದರೆ, ಬಿಪಿ ಏರಿದಾಗ ಇಳಿಸುವುದಕ್ಕೆ, ಇಳಿದಾಗ ಏರಿಸುವುದಕ್ಕೆ ನಮ್ಮ ಮೈಯೊಳಗೇ ಒಂದು ವ್ಯವಸ್ಥೆ ಇದೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ಅದರ ಕಾವಲುಗಾರರು ಕೂತಿದ್ದಾರೆ. ಆ ಏರಿಳಿತಕ್ಕೂ ಹೆಚ್ಚುಕಡಿಮೆ ಹತ್ತು ಸೆಕೆಂಡಿನ ಲಯ ಇದೆ. ಉಸಿರು ಅದರ ಜೊತೆ ಕೂಡಿಕೊಂಡರೆ ಎರಡೂ ಒಂದನ್ನೊಂದು ಬಲಪಡಿಸುತ್ತವೆ. ಒಬ್ಬರಿಗೆ ಐದು, ಇನ್ನೊಬ್ಬರಿಗೆ ಆರೂವರೆ ಹೊಂದಬಹುದು. ನಿಮಗೆ ಹಿತವಾದದ್ದೇ ನಿಮ್ಮ ಲೆಕ್ಕ.

ನಂಬಿಕೆ ಬರಬೇಕಾದರೆ ನಾಡಿ ಹಿಡಿದು ನೋಡಿ. ಎಡಗೈ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಬಲಗೈಯ ಎರಡು ಬೆರಳು ಹಗುರವಾಗಿ ಇಡಿ. ಹೆಬ್ಬೆರಳಲ್ಲಿ ಹಿಡಿಯಬೇಡಿ, ಅದಕ್ಕೇ ಬೇರೆ ಮಿಡಿತ ಇದೆ. ನಿಧಾನವಾಗಿ ಉಸಿರು ಎಳೆಯುವಾಗ ಬಡಿತ ಹತ್ತಿರ ಹತ್ತಿರ ಬರುತ್ತದೆ, ಬಿಡುವಾಗ ಒಂದೊಂದರ ನಡುವೆ ಜಾಗ ಜಾಸ್ತಿ ಆಗುತ್ತದೆ. ವಾರ್ಡಿನಲ್ಲಿ ಆಪರೇಷನ್ ಹಿಂದಿನ ರಾತ್ರಿ ಕಣ್ಣು ಮುಚ್ಚದೆ ಮಲಗಿರುತ್ತಿದ್ದ ಎಷ್ಟೋ ಜನರ ಬೆರಳನ್ನು ಅವರ ಮಣಿಕಟ್ಟಿನ ಮೇಲೆ ಇಡಿಸಿ ಇದನ್ನು ತೋರಿಸಿದ್ದೇನೆ. ಬಿಡುವ ಉಸಿರಿಗೆ ಬಡಿತ ನಿಧಾನ ಆಗುವುದು ಬೆರಳಿಗೇ ಸಿಕ್ಕಾಗ ಅವರ ಮುಖ ಸಡಿಲ ಆಗುತ್ತಿತ್ತು, ಏಕೆಂದರೆ ಹೃದಯ ತಮ್ಮ ಮಾತೂ ಕೇಳುತ್ತದೆ ಅಂತ ಅವರಿಗೆ ಆಗ ಗೊತ್ತಾಗುತ್ತಿತ್ತು. ಇದನ್ನು ಮಾಡುವುದು ವೇಗಸ್ ಅನ್ನುವ ನರ. ಹೊರಬಿಡುವ ಉಸಿರು ಉದ್ದ ಇರಲಿ ಅಂತ ಎಲ್ಲರೂ ಹೇಳುವುದು ಇದಕ್ಕೇ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 2001ರಲ್ಲಿ ಇಟಲಿಯ ಬೆರ್ನಾರ್ದಿ ಎಂಬ ವೈದ್ಯರ ತಂಡ 23 ಜನರನ್ನು ಇಟ್ಟುಕೊಂಡು ನೋಡಿತು. ಲ್ಯಾಟಿನ್‌ನಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳಿದಾಗ, ಓಂ ಮಣಿ ಪದ್ಮೇ ಹೂಂ ಹೇಳಿದಾಗ, ಎರಡರಲ್ಲೂ ಉಸಿರು ನಿಮಿಷಕ್ಕೆ ಹೆಚ್ಚುಕಡಿಮೆ 6ಕ್ಕೆ ಬಂದಿತ್ತು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಷಯ. ನಮ್ಮ ಅಜ್ಜಿಯಂದಿರು ದೀಪ ಹಚ್ಚಿ ಭಜನೆಗೆ ಕೂರುತ್ತಿದ್ದರಲ್ಲ, ಒಂದು ಸಾಲು ಪೂರ್ತಿ ಹಾಡುವವರೆಗೂ ಉಸಿರು ಹೊರಗೇ ಹೋಗುತ್ತಿರುತ್ತದೆ, ಸಾಲು ಮುಗಿದ ಮೇಲೆ ಸಣ್ಣದಾಗಿ ಒಳಗೆ. ಎಣಿಸಿ ಮಾಡುವುದು ಬೇಜಾರು ಅನ್ನಿಸಿದರೆ ನಿಮಗೆ ಬಾಯಿಗೆ ಬರುವ ಯಾವುದಾದರೂ ಹಾಡು ಮೆಲ್ಲಗೆ ಹಾಡಿ, ನಷ್ಟ ಏನೂ ಇಲ್ಲ.

ಸಾಧನಕೇರಿ

ಅಕ್ಕಾ, ಕನ್ನಡದಲ್ಲಿ ಕೇಳಿದ್ದೀರಲ್ಲ, ನಾನು ಆ ಭಾಗಕ್ಕೆ ಉತ್ತರ ಹೇಳುತ್ತೇನೆ. ಉಸಿರಿಗಿಂತ ನಿಮಗೆ ಯೋಗನಿದ್ರೆ ಚೆನ್ನಾಗಿ ಹೊಂದಬಹುದು. ಈಗ ಎಲ್ಲಾ ಕಡೆ ಕೇಳಿಸುವ ಕ್ರಮವನ್ನು ಬಿಹಾರದ ಮುಂಗೇರ್‌ನ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ ರೂಪಿಸಿದ್ದು. ಮಲಗಿರಬೇಕು ಅಷ್ಟೇ, ಏನೂ ಮಾಡುವ ಹಾಗಿಲ್ಲ. ಹೇಳುವವರು ಬಲಗೈ ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಅಂಗದ ಹೆಸರು ಹೇಳುತ್ತಾ ಹೋಗುತ್ತಾರೆ, ನಿಮ್ಮ ಗಮನ ಅಲ್ಲಿಗೆ ಹೋಗಿ ಮುಂದಕ್ಕೆ ಹೋಗುತ್ತದೆ.

ಇಂಗ್ಲಿಷ್ ನನಗೂ ಬರುತ್ತದೆ, ದಿನವಿಡೀ ಅದರಲ್ಲೇ ಕೆಲಸ. ಆದರೆ ಮಲಗುವ ಹೊತ್ತಿಗೆ ಇಂಗ್ಲಿಷ್ ಕೇಳಿದರೆ ಆಫೀಸ್ ಮೀಟಿಂಗ್ ನೆನಪಾಗುತ್ತದೆ. ಹಾಗಾಗಿ ನಮ್ಮ ತಾಯಿಯ ಹತ್ತಿರ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನೀವು ಟೀಚರ್, ನಿಮ್ಮ ದನಿಯಲ್ಲೇ ಮಾಡಬಹುದು, ಅಥವಾ ನಿಮಗೆ ಆಪ್ತರಾದವರ ದನಿ. ನಾನು ಬರೆದುಕೊಂಡದ್ದು ಹೀಗಿದೆ:

"ಬಲಗೈ ಹೆಬ್ಬೆರಳು… ತೋರುಬೆರಳು… ನಡುಬೆರಳು… ಉಂಗುರದ ಬೆರಳು… ಕಿರುಬೆರಳು… ಅಂಗೈ… ಮುಂಗೈ… ಮಣಿಕಟ್ಟು… ಮೊಣಕೈ… ಭುಜ… ಕಂಕುಳು… ಪಕ್ಕೆ… ಸೊಂಟ… ತೊಡೆ… ಮಂಡಿ… ಮೀನಖಂಡ… ಹಿಮ್ಮಡಿ… ಅಂಗಾಲು… ಕಾಲಿನ ಹೆಬ್ಬೆರಳು…"

ಆಮೇಲೆ ಎಡಗಡೆ, ಆಮೇಲೆ ಬೆನ್ನು, ಕೊನೆಗೆ ಮುಖ. ಹುಬ್ಬುಗಳ ನಡುವೆ, ರೆಪ್ಪೆ, ಮೂಗಿನ ತುದಿ, ದವಡೆ. ದವಡೆ ಬಂದಾಗ ಹೆಚ್ಚಿನವರಿಗೆ ಹಲ್ಲು ಕಚ್ಚಿಕೊಂಡದ್ದು ಗೊತ್ತಾಗುತ್ತದೆ. ಒಂದೊಂದು ಹೆಸರಿನ ನಡುವೆ ಜಾಸ್ತಿ ಹೊತ್ತು ಬಿಡಬೇಡಿ, ಬಿಟ್ಟರೆ ಮನಸ್ಸು ಸಾಲದ ಕಂತಿಗೆ ಓಡುತ್ತದೆ. ಹಿನ್ನೆಲೆ ಸಂಗೀತ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯೂಟ್ಯೂಬ್‌ನಲ್ಲಿ ಹಾಕಿಕೊಂಡರೆ ಇನ್ನೇನು ಮಂಪರು ಬರಬೇಕು, ಅಷ್ಟರಲ್ಲಿ ಜಾಹೀರಾತು ಕಿರುಚುತ್ತದೆ. ರೆಕಾರ್ಡ್ ಮಾಡಿಕೊಂಡರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕವುಚಿ ಇಟ್ಟು ಮಲಗಬಹುದು. ಮಧ್ಯದಲ್ಲೇ ನಿದ್ದೆ ಬಂದರೆ ಬರಲಿ. ಶಾಸ್ತ್ರ ಹೇಳುವವರು ಎಚ್ಚರವಾಗಿರಬೇಕು ಅನ್ನುತ್ತಾರೆ, ಆದರೆ ನಿದ್ದೆ ಇಲ್ಲದೆ ಒದ್ದಾಡುವವರಿಗೆ ನಿದ್ದೆ ಬಂದರೆ ಅದಕ್ಕಿಂತ ಒಳ್ಳೆಯದು ಏನಿದೆ ಹೇಳಿ.

ಸಂಜೆಗಾಳಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಚಾಮುಂಡಿ ಪಾದ ಸರ್ ಹೇಳಿದ ಕ್ರಮ ತಪ್ಪಲ್ಲ, ಆದರೆ ಕೆಲವರಿಗೆ ಉಸಿರಿನ ಮೇಲೆ ಗಮನ ಇಟ್ಟರೇ ಗಾಬರಿ ಶುರು ಆಗುತ್ತದೆ. ಎಷ್ಟೇ ಮೆತ್ತಗೆ ಮಾಡಿದರೂ ಅಷ್ಟೇ. ನಾನು ಆ ಗುಂಪಿನವಳು, ಪ್ಯಾನಿಕ್ ಅಟ್ಯಾಕ್‌ಗೆ ಚಿಕಿತ್ಸೆ ತೆಗೆದುಕೊಂಡಿದ್ದೇನೆ. ಎದೆಯೊಳಗೆ ಏನಾಗುತ್ತಿದೆ ಅಂತ ಮೊದಲೇ ಇಡೀ ದಿನ ಕಿವಿ ಕೊಟ್ಟು ಕೂತವರಿಗೆ, ಕಣ್ಣು ಮುಚ್ಚಿ ಇನ್ನಷ್ಟು ಕಿವಿ ಕೊಡಿ ಅಂದರೆ ಏನಾಗಬೇಕು? ನಿಮಗೆ ಆಗುತ್ತಿಲ್ಲ ಅಂದರೆ ಅದು ನಿಮ್ಮ ಸೋಲು ಅಂದುಕೊಳ್ಳಲೇಬೇಡಿ, ಇದನ್ನು ನಾನು ಒತ್ತಿ ಹೇಳುತ್ತೇನೆ.

ನನಗೆ ಆಪ್ತಸಲಹೆಗಾರರು ಹೇಳಿಕೊಟ್ಟದ್ದು ಇದು. ಕಣ್ಣು ಬಿಟ್ಟೇ ಇರಿ. ಕುರ್ಚಿ ಮೇಲೆ ಕೂತು ಬರಿಗಾಲನ್ನು ರೆಡ್ ಆಕ್ಸೈಡ್ ನೆಲಕ್ಕೋ ಟೈಲ್ಸಿಗೋ ಊರಿ, ಅದರ ತಂಪು ಎಲ್ಲಿಯವರೆಗೆ ತಾಗುತ್ತದೆ ನೋಡಿ. ಆಮೇಲೆ ಶಬ್ದಗಳು. ದೂರದ ಲಾರಿ, ಪಕ್ಕದ ಮನೆಯ ಕುಕ್ಕರ್, ಫ್ಯಾನ್. ಉಸಿರಿನ ತಂಟೆಗೆ ಹೋಗಲೇಬೇಡಿ, ಮೈ ಸಡಿಲ ಆದರೆ ಅದು ತಾನಾಗೇ ನಿಧಾನ ಆಗುತ್ತದೆ. ಕೂರುವುದೇ ಆಗದಿದ್ದರೆ ನಡೆಯುತ್ತಾ ಮಾಡಿ. ಬೆಂಗಳೂರಿನ ಆಚೆ, ಜಿಗಣಿ ಹತ್ತಿರದ ಪ್ರಶಾಂತಿ ಕುಟೀರದಲ್ಲಿ, ಎಸ್-ವ್ಯಾಸ ಅನ್ನುವ ಯೋಗ ವಿಶ್ವವಿದ್ಯಾಲಯದವರು, ಸೈಕ್ಲಿಕ್ ಮೆಡಿಟೇಶನ್ ಅಂತ ಒಂದು ಕಲಿಸುತ್ತಾರೆ. ತುಂಬಾ ನಿಧಾನವಾಗಿ ಒಂದು ಆಸನ, ಆಮೇಲೆ ವಿಶ್ರಾಂತಿ, ಮತ್ತೆ ಆಸನ, ಮತ್ತೆ ವಿಶ್ರಾಂತಿ. ಚಡಪಡಿಸುವ ಮನಸ್ಸಿಗೆ ಸುಮ್ನೆ ಕೂರುವುದಕ್ಕಿಂತ ಅದು ಸುಲಭ.

ಈ ಸ್ಥಿತಿಯಲ್ಲಿ ಹತ್ತು ದಿನದ ಮೌನ ಶಿಬಿರಕ್ಕೆ ಯಾರಾದರೂ ಕರೆದರೆ ಈಗಲೇ ಹೋಗಬೇಡಿ. ಒಳ್ಳೆಯ ಶಿಬಿರಗಳೇ, ಆದರೆ ಅದು ಮೊದಲ ಮೆಟ್ಟಿಲಲ್ಲ. ಎದೆ ಬಿಗಿ, ನಿದ್ದೆಗೇಡು ಇಷ್ಟಕ್ಕೆ ನಿಲ್ಲದೆ ಅಳು, ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನುವ ಹಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಲಗಿ, ಹೊಟ್ಟೆ ಮೇಲೆ ಕೈ ಇಟ್ಟು, ಸದ್ದಿಲ್ಲದೆ ಮೂರು ನಾಲ್ಕು ಎಣಿಸಿ ಮಾಡಿದೆ. ಜುಮ್ ಅನ್ನಲಿಲ್ಲ! ನಾಡಿ ಹಿಡಿದು ಮಗನಿಗೂ ತೋರಿಸಿದೆ, ಅವನಿಗೆ ಬಯಾಲಜಿ ಪಾಠಕ್ಕಿಂತ ಇದು ಹಿಡಿಸಿತು. ಯೋಗನಿದ್ರೆಯನ್ನು ನನ್ನ ಅಕ್ಕನ ದನಿಯಲ್ಲಿ ರೆಕಾರ್ಡ್ ಮಾಡಿಸುತ್ತೇನೆ. ಇನ್ನೊಂದೇ ಪ್ರಶ್ನೆ. ಸ್ಟಾಫ್ ರೂಮಿನಲ್ಲಿ ಎದೆ ಬಿಗಿದಾಗ ಮಲಗುವುದಕ್ಕೆ ಆಗುವುದಿಲ್ಲವಲ್ಲ, ಆಗ ಏನು ಮಾಡಬಹುದು?

ಚಾಮುಂಡಿ ಪಾದ

ಮೂಗಿನಲ್ಲಿ ಒಂದು ಉಸಿರು ತೆಗೆದುಕೊಳ್ಳಿ, ಅದರ ಮೇಲೆ ಇನ್ನೊಂದು ಚಿಕ್ಕದು, ಆಮೇಲೆ ಬಾಯಿಂದ ಉದ್ದಕ್ಕೆ ನಿಟ್ಟುಸಿರು ಬಿಟ್ಟ ಹಾಗೆ ಬಿಡಿ. ಅತ್ತು ಸುಸ್ತಾದ ಮಗು ಬಿಡುತ್ತದಲ್ಲ, ಹಾಗೆ. ಒಂದೆರಡು ಸಲ ಸಾಕು, ಕೈಯಲ್ಲಿ ಪುಸ್ತಕ ಹಿಡಿದುಕೊಂಡೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಒಂದು ತಿಂಗಳು, ದಿನಕ್ಕೆ ಐದು ನಿಮಿಷ, ಇದನ್ನೂ ಬೇರೆ ಉಸಿರಾಟಗಳನ್ನೂ ಧ್ಯಾನವನ್ನೂ ಹೋಲಿಸಿ ನೋಡಿದ್ದರು. ಮನಸ್ಸು ಹಗುರ ಆಗುವುದರಲ್ಲಿ ಇದು ಮುಂದಿತ್ತು. ಮನೆಯ ಅಭ್ಯಾಸ ಮಾತ್ರ ಬಿಡಬೇಡಿ. ಊಟ ಆದ ಕೂಡಲೇ ಮಾಡಬೇಡಿ, ಗಾಡಿ ಓಡಿಸುವಾಗ ಕಣ್ಣು ಮುಚ್ಚಿಸುವ ಯಾವ ಆಡಿಯೋವೂ ಬೇಡ.

ಕಡಲ ಕರೆ

ಬಿಪಿ ಬಗ್ಗೆ ಒಂದು ವಿಷಯ ಸೇರಿಸುತ್ತೇನೆ. ಅಭ್ಯಾಸ ಮಾಡಿ ಎದ್ದ ತಕ್ಷಣ ನೋಡಿದರೆ ಬಿಪಿ ಕಡಿಮೆ ತೋರಿಸಬಹುದು, ಅದು ಆ ಹೊತ್ತಿನದ್ದು. ಡಾಕ್ಟರಿಗೆ ತೋರಿಸುವುದಕ್ಕೆ ಬರೆದಿಡುವುದಾದರೆ ಬೆಳಿಗ್ಗೆ ಕಾಫಿಗೆ ಮುಂಚೆ, ಐದು ನಿಮಿಷ ಬೆನ್ನು ಒರಗಿಸಿ ಕೂತು, ಕಾಲ ಮೇಲೆ ಕಾಲು ಹಾಕದೆ, ತೋಳು ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಇಟ್ಟು ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ಎರಡನ್ನೂ ಬರೆಯಿರಿ. ಸಂಜೆಯೂ ಹಾಗೆಯೇ. ಉಸಿರಾಟ ಚೆನ್ನಾಗಿ ಆಗುತ್ತಿದೆ ಅಂತ ಒಂದೂವರೆ ತಿಂಗಳ ಚೆಕಪ್ ತಪ್ಪಿಸಬೇಡಿ. ಡಾಕ್ಟರ್ ಮಾತ್ರೆ ಶುರು ಮಾಡಿ ಅಂದರೆ ಮಾಡಿ, ಎರಡೂ ಜೊತೆಯಲ್ಲಿ ನಡೆಯುತ್ತವೆ. ಹೇಗಾಯಿತು ಅಂತ ಇಲ್ಲೇ ಬಂದು ಬರೆಯಿರಿ.