ಲುವಾದಲ್ಲಿ ಕ್ಲಾಸ್: ಒಬ್ಬರು ಹತ್ತಿದರೆ ಐದೂ ಬಸ್ಸಿನಲ್ಲಿ ಕಾಣುತ್ತಾರೆ, ಯಾಕೆ?

ಕೇಳಿದವರು, ಧಾರವಾಡ:
ಡಿಗ್ರಿ ಓದುತ್ತಿದ್ದೇನೆ, ಜಾವಾ ಬರುತ್ತದೆ. ಈಗ ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಗೇಮ್ ಬರೆಯುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸುಗಳ ಗೇಮ್. ಒಂದೇ ಥರದ ವಸ್ತುಗಳನ್ನು ಮಾಡುವ ಅಚ್ಚು, ಅಂದರೆ ಕ್ಲಾಸ್, ಲುವಾದಲ್ಲಿ ಅದಕ್ಕೆ ಕೀವರ್ಡೇ ಇಲ್ಲ. ಹಾಗಾಗಿ ಬಸ್ ಅಂತ ಒಂದು ಟೇಬಲ್ (ಹೆಸರು ಕೊಟ್ಟು ಮಾಹಿತಿ ಇಡುವ ಡಬ್ಬಿ) ಮಾಡಿ, ಸ್ಪೀಡ್ ಮತ್ತು ಪ್ರಯಾಣಿಕರ ಪಟ್ಟಿ ಎರಡನ್ನೂ ಅದರಲ್ಲೇ ಇಟ್ಟೆ. ಉಣಕಲ್‌ನಲ್ಲಿ ಒಬ್ಬರನ್ನು ಒಂದು ಬಸ್ಸಿಗೆ ಹತ್ತಿಸಿದರೆ ಐದೂ ಬಸ್ಸಿನಲ್ಲಿ ಕಾಣುತ್ತಾರೆ. ಸ್ಪೀಡ್ ಮಾತ್ರ ಒಂದೊಂದು ಬಸ್ಸಿಗೆ ಬೇರೆಯೇ ಇದೆ. ಎರಡು ದಿನದಿಂದ ಒದ್ದಾಡುತ್ತಿದ್ದೇನೆ, ಯಾರಿಗಾದರೂ ಹೀಗಾಗಿದೆಯಾ?

ಹುಬ್ಬಳ್ಳಿಯಿಂದ:
ನನಗೂ ಹೀಗೇ ಆಗಿತ್ತು. ಒಂದು ವಾರ ಹೋಯಿತು. ನೀವು ಸ್ಪೀಡ್ ಸರಿ ಇದೆ ಅಂತ ಹೇಳಿದ್ದು ಒಳ್ಳೆಯದಾಯಿತು, ಉತ್ತರ ಅಲ್ಲೇ ಇದೆ.

ನಿಮ್ಮ ಒಂದೊಂದು ಬಸ್ಸೂ ಒಂದು ಖಾಲಿ ಟೇಬಲ್. ಸೆಟ್‌ಮೆಟಾಟೇಬಲ್ ಮಾಡಿ (ಅಂದರೆ ನಿಯಮ ಹೇಳುವ ಇನ್ನೊಂದು ಟೇಬಲ್, ಮೆಟಾಟೇಬಲ್, ಅದಕ್ಕೆ ಜೋಡಿಸಿ), ಅದರ ಇಂಡೆಕ್ಸ್ ಅನ್ನುವ ನಿಯಮದಲ್ಲಿ, ಅಂದರೆ ಮೆಟಾಮೆಥಡ್‌ನಲ್ಲಿ, ಬಸ್ ಕ್ಲಾಸ್ ತೋರಿಸಿದ್ದೀರಿ ಅಲ್ವಾ? ಅದರ ಅರ್ಥ ಇಷ್ಟೇ: ಏನಾದರೂ ಓದಲು ಹೋದಾಗ ಈ ಟೇಬಲ್‌ನಲ್ಲಿ ಸಿಗದಿದ್ದರೆ ಕ್ಲಾಸಿನಲ್ಲಿ ಹುಡುಕು. ಬರೆಯುವಾಗ ಆ ಹುಡುಕಾಟ ಇಲ್ಲ, ನೇರವಾಗಿ ಆ ಬಸ್ಸಿನಲ್ಲೇ ಬರೆಯುತ್ತದೆ.

ಸ್ಪೀಡ್‌ಗೆ 40 ಅಂತ ಕೊಟ್ಟಾಗ ಆ ಬಸ್ಸಿಗೇ ಹೊಸ ಸ್ಪೀಡ್ ಹುಟ್ಟಿತು, ಕ್ಲಾಸಿನದ್ದು ಹಾಗೇ ಉಳಿಯಿತು. ಪಟ್ಟಿಯ ಕಥೆ ಬೇರೆ. ಪಟ್ಟಿಗೆ ಹೆಸರು ಸೇರಿಸಲು ಟೇಬಲ್ ಡಾಟ್ ಇನ್ಸರ್ಟ್ ಮಾಡುವಾಗ ನೀವು ಬಸ್ಸಿಗೆ ಏನೂ ಬರೆಯುತ್ತಿಲ್ಲ. ಮೊದಲು ಪಟ್ಟಿಯನ್ನು ಓದುತ್ತೀರಿ. ಬಸ್ಸಿನಲ್ಲಿ ಇಲ್ಲ, ಕ್ಲಾಸಿನಿಂದ ಬರುತ್ತದೆ. ಆಮೇಲೆ ಆ ಒಂದೇ ಪಟ್ಟಿಗೆ ಹೆಸರು ಸೇರಿಸುತ್ತೀರಿ. ಐದೂ ಬಸ್ಸು ನೋಡುತ್ತಿರುವುದು ಅದನ್ನೇ.

ಪಟ್ಟಿಯನ್ನು ಹೊಸ ಬಸ್ ಹುಟ್ಟಿಸುವ ನ್ಯೂ ಫಂಕ್ಷನ್ ಒಳಗೆ ಮಾಡಿ, ಪ್ರತಿ ಬಸ್ಸಿಗೂ ಹೊಸ ಖಾಲಿ ಟೇಬಲ್ ಕೊಡಿ. ಕ್ಲಾಸಿನಲ್ಲಿ ಫಂಕ್ಷನ್‌ಗಳು, ಡೀಫಾಲ್ಟ್ ನಂಬರ್, ಸ್ಟ್ರಿಂಗ್ (ಅಕ್ಷರಗಳ ಸಾಲು) ಇದ್ದರೆ ತೊಂದರೆ ಇಲ್ಲ. ಟೇಬಲ್ ಬೇಡ.

ಗದಗದಿಂದ:
ಫಂಕ್ಷನ್ ಕರೆಯುವಾಗ ಕೋಲನ್ (:) ಮತ್ತು ಡಾಟ್ (.) ಕೂಡ ನೋಡಿಕೊಳ್ಳಿ. ಕೋಲನ್ ಹಾಕಿ ಕರೆದರೆ ಬಸ್ಸೇ ಸೆಲ್ಫ್ ಆಗಿ, ಅಂದರೆ ಫಂಕ್ಷನ್ ಕೆಲಸ ಮಾಡಬೇಕಾದ ವಸ್ತುವಾಗಿ, ಒಳಗೆ ಹೋಗುತ್ತದೆ. ಮರೆತು ಡಾಟ್ ಹಾಕಿದರೆ ಪ್ರಯಾಣಿಕರ ಹೆಸರೇ ಸೆಲ್ಫ್ ಆಗಿ ಕೂರುತ್ತದೆ. ಸ್ಟ್ರಿಂಗ್‌ಗೂ ಲುವಾದಲ್ಲಿ ಮೆಟಾಟೇಬಲ್ ಇರುವುದರಿಂದ ಅದರಲ್ಲಿ ಪಟ್ಟಿ ಓದುವಾಗ ಎರರ್ ಬರುವುದಿಲ್ಲ, ಮುಂದೆ ಇನ್ಸರ್ಟ್ ಸಾಲಿನಲ್ಲಿ ಬರುತ್ತದೆ. ಆ ಸಾಲನ್ನೇ ನೋಡುತ್ತಾ ಕೂತರೆ ಏನೂ ಸಿಗಲ್ಲ. ಕರೆದ ಜಾಗ ನೋಡಿ.

ಹಾವೇರಿಯಿಂದ:
ಮುಂದೆ ಬಸ್‌ನಿಂದ ಚಿಗರಿ ಅಂತ ಇನ್ನೊಂದು ಕ್ಲಾಸ್ ಮಾಡುತ್ತೀರಿ ಅಂದುಕೊಂಡು ಹೇಳುತ್ತೇನೆ. ಬಸ್‌ನ ನ್ಯೂ ಒಳಗೆ ಮೆಟಾಟೇಬಲ್ ಆಗಿ ಬಸ್ ಅಂತ ಬರೆಯಬೇಡಿ, ಸೆಲ್ಫ್ ಬರೆಯಿರಿ. ಚಿಗರಿಯ ನ್ಯೂನಿಂದ ಅದನ್ನು ಡಾಟ್ ಹಾಕಿ ಕರೆದು, ಸೆಲ್ಫ್ ಅನ್ನು ಕೈಯಾರೆ ಕೊಡಿ. ಕೋಲನ್ ಹಾಕಿದರೆ ಹುಟ್ಟುವುದು ಬರೀ ಬಸ್, ಚಿಗರಿಯ ಫಂಕ್ಷನ್ ಒಂದೂ ಸಿಗುವುದಿಲ್ಲ.

ಇನ್ನೊಂದು ಮಾತು. ಚಿಗರಿಯ ಇಂಡೆಕ್ಸ್ ಚಿಗರಿಗೇ ಬೇರೆಯಾಗಿ ಬರೆಯಬೇಕು. ಮೆಟಾಮೆಥಡ್‌ಗಳನ್ನು ಲುವಾ ಮೆಟಾಟೇಬಲ್‌ನಲ್ಲಿ ಮಾತ್ರ ಹುಡುಕುತ್ತದೆ, ಅಲ್ಲಿಂದ ಮೇಲಕ್ಕೆ ಹತ್ತುವುದಿಲ್ಲ. ಟೇಬಲ್ ಅನ್ನು ಪಠ್ಯವಾಗಿ ತೋರಿಸುವ ಟೂಸ್ಟ್ರಿಂಗ್‌ಗೂ ಇದೇ ಮಾತು.

ಲುವಾ 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ, ಒಂದು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಭಾಷೆ. ಅದನ್ನು ಮಾಡಿದವರು ಕ್ಲಾಸ್ ಕೊಡಲಿಲ್ಲ, ಕಟ್ಟಿಕೊಳ್ಳುವ ಸಾಮಾನು ಕೊಟ್ಟರು. ಮಿಡಲ್‌ಕ್ಲಾಸ್ ಅಂತ ರೆಡಿ ಲೈಬ್ರರಿ ಇದೆ. ಆದರೂ ಒಂದು ಸಲ ಕೈಯಲ್ಲೇ ಬರೆದು ನೋಡಿ, ನನಗೆ ಅದರಿಂದಲೇ ಜಾಸ್ತಿ ಅರ್ಥವಾಯಿತು.

ಕೇಳಿದವರು, ಧಾರವಾಡ:
ಪಟ್ಟಿಯನ್ನು ನ್ಯೂ ಒಳಗೆ ತಂದೆ. ಉಣಕಲ್‌ನಲ್ಲಿ ಹತ್ತಿದವರು ಈಗ ಒಂದೇ ಬಸ್ಸಿನಲ್ಲಿದ್ದಾರೆ, ನವನಗರದಲ್ಲಿ ಇಳಿದಾಗ ಅಲ್ಲಿಂದ ಮಾತ್ರ ಹೋಗುತ್ತಾರೆ. ಎರಡು ಕಡೆ ಕೋಲನ್ ಬದಲು ಡಾಟ್ ಕೂಡ ಸಿಕ್ಕಿತು. ಮೂವರಿಗೂ ತುಂಬಾ ಥ್ಯಾಂಕ್ಸ್. ಇವತ್ತು ರಾತ್ರಿ ಚಿಗರಿ ಕ್ಲಾಸ್ ಬರೆಯುತ್ತೇನೆ.