ಓದುಗರ ಸ್ಪಂದನ: ತವರಿನ ತೋಟ ಯಾರಿಗೆ ಬಿಡಲಿ?

ಕಳೆದ ಸಂಚಿಕೆಯಲ್ಲಿ ತುಮಕೂರು ಜಿಲ್ಲೆಯ 71 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ತವರಿನಿಂದ ಬಂದ ಎರಡು ಎಕರೆ ತೋಟ ಅವರ ಹೆಸರಲ್ಲಿದೆ. ಅಲ್ಲಿರುವ ಹಲಸು, ಮಾವು, ನೇರಳೆ ಎಲ್ಲ ಅವರ ತಂದೆ ಬೀಜ ಊರಿ ಬೆಳೆಸಿದ್ದು. ಈಗ ಹೆದ್ದಾರಿ ಹತ್ತಿರ ಬಂದಿದೆ, ಲೇಔಟ್‌ನವರು ಬಾಗಿಲಿಗೆ ಬರುತ್ತಿದ್ದಾರೆ. ಬೆಂಗಳೂರಿನಲ್ಲಿರುವ ಮಗ, ಅಮೆರಿಕದಲ್ಲಿರುವ ಮಗ ಇಬ್ಬರೂ ‘ಮಾರಿ ಹಂಚಿಬಿಡಿ’ ಅನ್ನುತ್ತಾರೆ. ಮಗಳು ಹಾಸನದಲ್ಲಿದ್ದಾಳೆ. ‘ಮರ ಕಡಿಯಬಾರದು, ಜಮೀನು ಮಾರಬಾರದು ಎಂದು ಉಯಿಲಿನಲ್ಲಿ ಷರತ್ತು ಬರೆದರೆ ತಪ್ಪಾ? ನಾನು ಹೋದ ಮೇಲೆ ನನ್ನದು, ನನ್ನಪ್ಪನದು ಅಂತ ಏನೂ ಉಳಿಯುವುದಿಲ್ಲವಾ?’ ಎಂಬುದು ಅವರ ಪ್ರಶ್ನೆ.

ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸಿದ ವಕೀಲರ ಪತ್ರ ಮೊದಲು.

*

ಅಮ್ಮಾ, ತವರಿನಿಂದ ನಿಮ್ಮ ಹೆಸರಿಗೆ ಬಂದ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪೂರ್ತಿ ನಿಮ್ಮದೇ. ಯಾರಿಗೆ ಬೇಕಾದರೂ ಬರೆಯಬಹುದು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನಿಮ್ಮ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ಜಗಳ ಕಡಿಮೆ.

ಷರತ್ತಿನ ವಿಷಯಕ್ಕೆ ಬಂದರೆ, ಒಬ್ಬರಿಗೆ ಪೂರ್ತಿ ಹಕ್ಕು ಕೊಟ್ಟು ‘ಎಂದೆಂದಿಗೂ ಮಾರಬಾರದು’ ಎಂದು ಬರೆದರೆ ಅದು ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಟ್ರಸ್ಟ್ ಮಾಡಬಹುದು. ಆದರೆ ಟ್ರಸ್ಟ್ ನಡೆಸಲು ಮನಸ್ಸಿರುವ ಜನ ಬೇಕು. ಅಂಥವರು ಇದ್ದರೆ ಷರತ್ತೇ ಬೇಕಾಗುವುದಿಲ್ಲ, ಅಲ್ವಾ? ಇನ್ನೊಂದು ಮಾತು. ಯಾರೇ ಒತ್ತಾಯ ಮಾಡಿದರೂ ಬದುಕಿರುವಾಗಲೇ ದಾನಪತ್ರ ಮಾಡಿಕೊಡಬೇಡಿ. ಮಾಡಲೇಬೇಕಾಗಿ ಬಂದರೆ ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಅದರಲ್ಲೇ ಸ್ಪಷ್ಟವಾಗಿ ಬರೆಸಿ. ಹಾಗಿದ್ದರೆ ಹಿರಿಯ ನಾಗರಿಕರ 2007ರ ಕಾಯ್ದೆ ನಿಮ್ಮ ಸಹಾಯಕ್ಕೆ ಬರುತ್ತದೆ.
— ವಕೀಲರು, ಚಿತ್ರದುರ್ಗ

*

ನಿಮ್ಮಪ್ಪ ನಿಮಗೆ ಷರತ್ತು ಹಾಕಿ ಕೊಟ್ಟಿದ್ದರಾ? ಇಲ್ಲ ತಾನೆ. ನೀವೂ ಹಾಕಬೇಡಿ.
— ದಾವಣಗೆರೆ

*

ಮಕ್ಕಳ ಪರವಾಗಿ ಬಂದ ಪತ್ರಗಳು ಕಡಿಮೆ ಏನಲ್ಲ. ಅವುಗಳಲ್ಲಿ ಇದೊಂದನ್ನು ತಾಯಂದಿರು ಸಮಾಧಾನದಿಂದ ಓದಬೇಕೆಂದು ಕೋರುತ್ತೇವೆ.

*

ನಾನೂ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನೇ. ಚನ್ನರಾಯಪಟ್ಟಣದ ಕಡೆ ನಮ್ಮದೂ ತೆಂಗಿನ ತೋಟ ಇದೆ. ದಯವಿಟ್ಟು ನಮ್ಮನ್ನು ದುರಾಸೆಯವರು ಎಂದುಕೊಳ್ಳಬೇಡಿ. ಬೋರ್‌ವೆಲ್ ಬತ್ತಿದೆ. ಕಾಯಿ ಕೀಳಲು ಜನ ಸಿಗುವುದಿಲ್ಲ. ತೆಂಗಿಗೆ ನುಸಿ ಬಂದರೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ? ಚಿಕ್ಕವನಿದ್ದಾಗ ತೋಟಕ್ಕೆ ಕಾಲಿಟ್ಟರೆ ‘ಹೋಗಿ ಓದ್ಕೋ, ನಮ್ಮ ಹಾಗೆ ಮಣ್ಣು ಹೊರಬೇಡ’ ಎಂದು ಅಪ್ಪನೇ ಅಟ್ಟುತ್ತಿದ್ದರು. ಓದಿದೆ. ಈಗ ಅದೇ ಅಪ್ಪ ‘ನಿನಗೆ ಮಣ್ಣಿನ ಮೇಲೆ ಪ್ರೀತಿ ಇಲ್ಲ’ ಅನ್ನುತ್ತಾರೆ.

ಟೀಚರಮ್ಮ, ನಿಮ್ಮ ಮಕ್ಕಳಿಗೆ ಆ ತೋಟದಲ್ಲಿ ಯಾವ ಮರದ ಹಣ್ಣು ಹೇಗಿರುತ್ತದೆ ಅಂತ ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ ಅವರ ಕಣ್ಣಿಗೆ ಅದು ಎರಡು ಎಕರೆ ಮಾತ್ರ. ಮುಂದಿನ ಹಣ್ಣಿನ ಕಾಲಕ್ಕೆ ಮೊಮ್ಮಕ್ಕಳನ್ನು ಕರೆಸಿ. ಸುಮ್ನೆ ತಿನ್ನಲಿ. ಉಯಿಲಿನ ಮಾತು ಆಮೇಲೆ ನೋಡೋಣ.
— ಬೆಂಗಳೂರು

*

ಮುಂದಿನ ಪತ್ರ ದೀರ್ಘವಾಗಿದೆ. ಆದರೂ ಕತ್ತರಿಸಲು ಮನಸ್ಸು ಬರಲಿಲ್ಲ. ಪ್ರಶ್ನೆ ಕೇಳಿದ ತಾಯಿ ಒಂದೇ ಸಾಲಿನಲ್ಲಿ ದಾಟಿಹೋದ ಒಂದು ವಿಷಯವನ್ನು ಇವರು ಹಿಡಿದು ನಿಲ್ಲಿಸಿದ್ದಾರೆ.

*

ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡ ಮಗ ಏನೆಂದ, ಚಿಕ್ಕ ಮಗ ಏನೆಂದ ಎಲ್ಲ ಬರೆದಿದ್ದೀರಿ. ಮಗಳ ಬಗ್ಗೆ ಇರುವುದು ‘ಹಾಸನದಲ್ಲಿದ್ದಾಳೆ’ ಅಂತ ಅಷ್ಟೇ. ಅವಳನ್ನು ಕೇಳಿದಿರಾ?

ನನ್ನ ತವರು ಸಾಗರದ ಕಡೆ. ಮನೆ ಹಿಂದೆ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮಿಡಿ ಮರ ಇತ್ತು, ಉಪ್ಪಿನಕಾಯಿಗೆ ಹಾಕುವ ಮಾವು. ಜೀರಿಗೆ ಜಾತಿಯದು. ಮಿಡಿ ಮುರಿದರೆ ಸೊನೆಯಿಂದ ಜೀರಿಗೆ ಪರಿಮಳ ಬರುತ್ತಿತ್ತು. ನಮ್ಮಮ್ಮ ಉಪ್ಪಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಗರಿಗರಿ. ಮಿಡಿ ಕೊಯ್ಯುವುದು ಅಪ್ಪನ ಕೆಲಸ. ಕೆಳಗೆ ಬುಟ್ಟಿ ಹಿಡಿದು ನಿಲ್ಲುವುದು ನನ್ನದು. ನೆಲಕ್ಕೆ ಬಿದ್ದ ಮಿಡಿ ಕೊಳೆಯುತ್ತದೆ, ತೊಟ್ಟು ಸಮೇತ ಕೊಯ್ಯಬೇಕು, ಸೊನೆ ಆರಬಾರದು ಎಂದೆಲ್ಲ ಅಪ್ಪ ಹೇಳಿಕೊಟ್ಟಿದ್ದು ನನಗೆ. ಅಣ್ಣಂದಿರು ಆಗ ಹಾಸ್ಟೆಲಿನಲ್ಲಿದ್ದರು.

ಅಪ್ಪ ಹೋದದ್ದು 2009ರಲ್ಲಿ. ಏನೂ ಬರೆದಿಟ್ಟಿರಲಿಲ್ಲ, ಯಾರಿಗೂ ಏನೂ ಹೇಳಿರಲಿಲ್ಲ. ವೈಕುಂಠ ಸಮಾರಾಧನೆ ಮುಗಿದು ಎಲೆ ಎತ್ತುವ ಮೊದಲೇ ಕಾಗದ ತಂದರು. ಆಸ್ತಿಯಲ್ಲಿ ನನ್ನ ಪಾಲು ಬೇಡ ಎಂದು ಬರೆದುಕೊಡುವ ಹಕ್ಕು ಖುಲಾಸೆ ಪತ್ರ. ‘ನಿನಗೇನು ಕಡಿಮೆ ಇದೆ, ಸಹಿ ಹಾಕು’ ಅಂದರು. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿತ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಅಂದು ಆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರು ಯಾರಿದ್ದರು? ನನಗೆ ಜಮೀನು ಬೇಕಿರಲಿಲ್ಲ. ಆ ಒಂದು ಮರ ಬೇಕಿತ್ತು. ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಮುಂದಿನ ಬೇಸಿಗೆಗೆ ಹೋದಾಗ ಹಳ್ಳದ ದಂಡೆ ಬೋಳಾಗಿತ್ತು. ಅಡಿಕೆ ತೋಟ ವಿಸ್ತರಿಸಲು ಜೆಸಿಬಿ ತರಿಸಿದ್ದರಂತೆ. ಅತ್ತಿಗೆ ಪ್ರೀತಿಯಿಂದಲೇ ಪೇಟೆಯ ಉಪ್ಪಿನಕಾಯಿ ಬಡಿಸಿದರು. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಒಂದು ಕಡ್ಡಿ ಕತ್ತರಿಸಿಕೊಂಡಿದ್ದರೆ ಕಸಿ ಕಟ್ಟಿಸಿ ನಮ್ಮ ಹಿತ್ತಲಲ್ಲಿ ನೆಡಬಹುದಿತ್ತು. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ಎಂದು ಆಮೇಲೆ ಪೇಪರಿನಲ್ಲಿ ಓದಿದೆ. ನಮ್ಮ ಮರಕ್ಕೆ ಅದರಿಂದ ಏನಾಯಿತು?

ಅಮ್ಮಾ, ಆ ತೋಟ ನಿಮ್ಮ ತವರಿನದು. ನಿಮ್ಮ ತಂದೆ ಮಗಳಿಗೆ ಕೊಟ್ಟಿದ್ದು. ಆ ಕಾಲದಲ್ಲಿ ಎಷ್ಟು ಜನ ಅಪ್ಪಂದಿರು ಹಾಗೆ ಕೊಟ್ಟರು? ಅವರು ನಿಮಗೆ ಬಿಟ್ಟುಹೋದದ್ದರಲ್ಲಿ ಅದೂ ಸೇರಿದೆ. ನಿಮ್ಮ ಮಗಳಿಗೆ ತೋಟ ಬೇಡದೇ ಇರಬಹುದು. ಬೇಡ ಅನ್ನುವುದನ್ನಾದರೂ ಅವಳ ಬಾಯಿಂದಲೇ ಕೇಳಿಸಿಕೊಳ್ಳಿ. ಇವತ್ತೇ ಫೋನ್ ಮಾಡಿ.
— ಶಿರಸಿ

*

ಈ ಪತ್ರಕ್ಕೆ ನಾವು ಸೇರಿಸುವುದು ಏನೂ ಇಲ್ಲ. ಕಾನೂನಿನ ಒಂದು ವಿವರ ಮಾತ್ರ: ತಂದೆ ಬದುಕಿರಲಿ, ಇಲ್ಲದಿರಲಿ, ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

ಕೆಲವರಿಗೆ ಪ್ರಶ್ನೆ ಬೇರೆ ರೀತಿ ಕೇಳಿಸಿದೆ.

*

ತೋಟದ ಚಿಂತೆ ಬಿಡಿ. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವರು ‘ಏನೂ ಉಳಿಯಲ್ಲ’ ಅನ್ನಬಾರದು. ನನಗೆ ಕಾಗುಣಿತ ತಿದ್ದಿಸಿದ ಟೀಚರ್ ಹೋಗಿ ಬಹಳ ಕಾಲವಾಯಿತು. ಇವತ್ತಿಗೂ ನನ್ನ ಅಕ್ಷರ ಅವರ ಅಕ್ಷರದಂತೆಯೇ ಇದೆ. ನನ್ನ ಮಗಳದ್ದೂ ಹಾಗೇ ಇದೆ.
— ಕಲಬುರಗಿ

*

ಕಣ್ಣುದಾನಕ್ಕೆ ಹೆಸರು ಕೊಟ್ಟಿದ್ದೀರಾ? 2006ರಲ್ಲಿ ರಾಜ್‌ಕುಮಾರ್ ಕಣ್ಣು ಕೊಟ್ಟರು. 2021ರಲ್ಲಿ ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕನ್ನಡಕ ಇದ್ದವರೂ, ಪೊರೆಯ ಆಪರೇಷನ್ ಆದವರೂ ಕೊಡಬಹುದು. ಆದರೆ ಜೀವ ಹೋದ ಆರು ಗಂಟೆಗಳೊಳಗೆ ಆಗಬೇಕು. ಹಾಗಾಗಿ ಕಾರ್ಡ್ ಬೀರುವಿನಲ್ಲಿಟ್ಟರೆ ಸಾಲದು, ಮನೆಯವರಿಗೆ ಹೇಳಿಟ್ಟಿರಬೇಕು. ನಮ್ಮ ತಂದೆಯದ್ದು ಕೊಟ್ಟೆವು. ನೋಡುತ್ತಿರುವವರು ಯಾರು ಅಂತ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.
— ಮೈಸೂರು

*

ಸಾಲುಮರದ ತಿಮ್ಮಕ್ಕನಿಗೆ ಮಕ್ಕಳಿರಲಿಲ್ಲ. ಹುಲಿಕಲ್‌ನಿಂದ ಕುದೂರಿನವರೆಗೆ ಆಕೆ ನೆಟ್ಟು ಬೆಳೆಸಿದ ಆಲದ ಮರಗಳಿವೆ. 2019ರಲ್ಲಿ ರಸ್ತೆ ಅಗಲ ಮಾಡಲು ಅವನ್ನು ಕಡಿಯುವ ಮಾತು ಬಂದಾಗ ಆ ವಯಸ್ಸಿನಲ್ಲೂ ಆಕೆಯೇ ಮುಂದೆ ಬಂದು ಮಾತಾಡಬೇಕಾಯಿತು. ಮರ ನೆಟ್ಟರೆ ಮುಗಿಯಲಿಲ್ಲ, ಅದರ ಪರವಾಗಿ ಮಾತಾಡುವವರು ಬೇಕು. ಟೀಚರ್, ನಿಮ್ಮೂರಿನ ಶಾಲೆಯ ಮಕ್ಕಳನ್ನು ತೋಟಕ್ಕೆ ಕರೆಯಿರಿ.
— ಮಾಗಡಿ

*

ಕೊನೆಯದಾಗಿ, ಆ ತಾಯಿಯ ಜಿಲ್ಲೆಯಿಂದಲೇ ಬಂದ ಪತ್ರ. ಬರೆದವರು ಹಲಸು ಬೆಳೆಗಾರರು. ಉಯಿಲಿನ ಗೋಜಿಗೆ ಹೋಗದೆ ಕೆಲಸದ ಮಾತಿಗೆ ಇಳಿದಿದ್ದಾರೆ. ನಮಗೆ ಅದು ಹಿಡಿಸಿತು.

*

ಅಕ್ಕಾ, ಬೀಜ ಊರಿ ಬೆಳೆಸಿದ ಹಲಸು ಅಂದಿದ್ದೀರಿ. ಹಾಗಾದರೆ ನಿಮ್ಮ ತೋಟದ ಒಂದೊಂದು ಮರವೂ ಬೇರೆ ಬೇರೆಯೇ. ಹಲಸಿನ ಹೂವಿಗೆ ಪಕ್ಕದ ಮರದ ಪರಾಗ ಬಂದು ಸೇರುತ್ತದೆ. ಅದಕ್ಕೇ ತಾಯಿಯ ಗುಣ ಬೀಜದಲ್ಲಿ ಹಾಗೇ ಬರುವುದಿಲ್ಲ. ಒಳ್ಳೆ ಮರದ ಬೀಜ ಹಾಕಿದರೆ ಸಪ್ಪೆ ಹಣ್ಣು ಬರಬಹುದು. ಆ ಮರವನ್ನೇ ಉಳಿಸಬೇಕು ಅಂದರೆ ಕಸಿ ಒಂದೇ ದಾರಿ. ಕಸಿ ಕಟ್ಟದೆ ಕಡಿದರೆ ಆ ಹಣ್ಣು ಮತ್ತೆ ಯಾರಿಗೂ ಸಿಗುವುದಿಲ್ಲ.

ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ನೀವು ಕೇಳಿರುತ್ತೀರಿ. ಸಿದ್ದಪ್ಪ ಅನ್ನುವ ರೈತರು ಬೆಳೆಸಿದ ಒಂದೇ ಒಂದು ಮರ. ಸಣ್ಣ ಹಣ್ಣು, ತಾಮ್ರಗೆಂಪು ತೊಳೆ, ಒಳ್ಳೆ ಸಿಹಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿದರು, ಸಿದ್ದಪ್ಪನವರ ಹೆಸರನ್ನೇ ತಳಿಗೆ ಇಟ್ಟರು. 2017ರಲ್ಲಿ ಅವರ ಮಗನ ಜೊತೆ ಒಪ್ಪಂದ ಮಾಡಿಕೊಂಡರು. ಸಸಿ ಮಾರಿದ ಹಣದಲ್ಲಿ ದೊಡ್ಡ ಪಾಲು ಆ ರೈತರ ಮನೆಗೇ ಹೋಗುವಂಥ ಒಪ್ಪಂದ. ಈಗ ಎಲ್ಲೆಲ್ಲಿಯೋ ಸಿದ್ದು ಬೆಳೆಯುತ್ತಿದೆ. ಆ ಒಂದು ಮರದ ಆಯಸ್ಸು ಎಷ್ಟೇ ಇರಲಿ, ತಳಿಗೆ ಇನ್ನು ಭಯ ಇಲ್ಲ. ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಲು 2001ರ ಕಾಯ್ದೆ ಅವಕಾಶ ಕೊಟ್ಟಿದೆ.

ನಿಮ್ಮ ತೋಟದಲ್ಲಿ ಅಂಥದ್ದು ಇದೆ ಅಂತ ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ನೋಡಿದವರು ಯಾರು? ಈ ಸಲ ಹಣ್ಣು ಬಂದಾಗ ಪ್ರತಿ ಮರಕ್ಕೂ ಒಂದು ನಂಬರ್ ಬರೆಯಿರಿ. ಒಂದು ನೋಟ್‌ಬುಕ್ ಇಡಿ. ತೊಳೆಯ ಬಣ್ಣ, ಸಿಹಿ, ತೊಳೆ ಗಟ್ಟಿ ಇರುವ ಬಕ್ಕೆಯೋ ಮೆತ್ತಗಿರುವ ಬಿಳುವವೋ, ಮೇಣ ಜಾಸ್ತಿಯೋ ಕಡಿಮೆಯೋ, ಯಾವ ತಿಂಗಳು ಹಣ್ಣಾಯಿತು, ಎಲ್ಲ ಬರೆಯಿರಿ. ಅಪ್ಪ ಆ ಮರವನ್ನು ಏನಂತ ಕರೆಯುತ್ತಿದ್ದರು ಅನ್ನುವುದನ್ನೂ ಬರೆಯಿರಿ. ಟೀಚರ್ ಆಗಿದ್ದವರು, ನಿಮಗೆ ಇದು ಕಷ್ಟವಲ್ಲ. ಚೆನ್ನಾಗಿರುವುದನ್ನು ಆರಿಸಿ. ಮುಂಗಾರು ಹಿಡಿಯುವ ಹೊತ್ತಿಗೆ ಎಳೆ ಕೊಂಬೆಯ ತುದಿಗಳನ್ನು ತೆಗೆದು ಕಸಿ ಕಟ್ಟೋಣ. ಮಗಳ ಊರಿಗೆ ಎರಡು, ಶಾಲೆಗೆ ಎರಡು, ಕೇಳಿದ ನೆಂಟರಿಗೆ ಒಂದೊಂದು. ನಂತರ ಜಮೀನು ಯಾರ ಹೆಸರಿಗೆ ಹೋದರೂ ಮರ ಇನ್ನೊಂದು ಕಡೆ ಇರುತ್ತದೆ.

ಕಸಿಗೆ ಬೇಕಾದ ಹಲಸಿನ ಸಸಿಗಳು ನನ್ನ ಹತ್ತಿರ ಪಾಕೆಟ್‌ನಲ್ಲಿ ತಯಾರಿವೆ. ದುಡ್ಡು ಬೇಡ. ನಾನೇ ತಂದು ಕಟ್ಟಿಕೊಡುತ್ತೇನೆ. ಪತ್ರಿಕೆಯವರು ವಿಳಾಸ ಕೊಟ್ಟರೆ ಸಾಕು.
— ಗುಬ್ಬಿ ತಾಲ್ಲೂಕು

*

ಆ ತಾಯಿಯ ಒಪ್ಪಿಗೆ ಕೇಳಿದ್ದೇವೆ, ಸಿಕ್ಕಿದ ಕೂಡಲೇ ವಿಳಾಸ ತಲುಪಿಸುತ್ತೇವೆ. ಶಿರಸಿಯ ಓದುಗಿಗೆ ಒಂದು ಮಾತು: ನಿಮ್ಮ ಪತ್ರ ಟೈಪ್ ಮಾಡುತ್ತಿದ್ದ ನಮ್ಮ ಸಹೋದ್ಯೋಗಿಯ ಊರು ಹೊಸನಗರದ ಕಡೆ. ಅವರ ಚಿಕ್ಕಪ್ಪನ ಮನೆಯ ಹಿಂದೆ ಜೀರಿಗೆ ಅಪ್ಪೆಯ ಮರವೊಂದಿದೆಯಂತೆ. ಕಡ್ಡಿ ಬೇಕಿದ್ದರೆ ತಿಳಿಸಿ.